ಪಿಲ್ಲರ್ ಹಿಂದೆ ಒಬ್ಬ

ಬೆಳಿಗ್ಗೆಯಿಂದ ಗೋಪಾಲನ ಬಾಯೊಳಗೆ ಒಂದು ಊರು ಓಡಾಡುತ್ತಿತ್ತು. ಹಲ್ಲುಜ್ಜುವಾಗ ಟನಲ್, ಗಡ್ಡ ಕೆರೆಯುವಾಗ ಮಾರ್ಕೆಟ್, ಶರ್ಟಿನ ಗುಂಡಿ ಹಾಕಿಕೊಳ್ಳುವಾಗ ಬಾಲ್ಕನಿ, ಕಿಚನ್, ಪಿಟ್. ಒಂದೊಂದು ಹೆಸರೂ ತುಟಿಯ ಹಿಂದೆ ಬಂದು ನಿಂತು, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಮುಗಿಬೀಳುವ ಮಕ್ಕಳ ಹಾಗೆ ತಳ್ಳಾಡುತ್ತಿತ್ತು. ಆ ಊರು ಇದ್ದದ್ದು ಕಂಪ್ಯೂಟರಿನೊಳಗೆ: ಒಂದು ಹಳೆಯ ಬಂದರು, ಸುಣ್ಣ ಬಳಿದ ಗೋಡೆಗಳು, ಇಕ್ಕಟ್ಟಿನ ಗಲ್ಲಿಗಳು. ಐದೈದು ಜನರ ಎರಡು ತಂಡಗಳು ಅಲ್ಲಿ ಅಡಗಿ, ಹಣಕಿ, ಒಬ್ಬರ ಮೇಲೊಬ್ಬರು ಗುಂಡು ಹಾರಿಸುವ ಆಟ. ಎದುರಾಳಿ ಎಲ್ಲಿ ಕಂಡನೋ ಆ ಜಾಗದ ಹೆಸರನ್ನು ಕಂಡ ಕ್ಷಣದಲ್ಲೇ ಮೈಕಿನಲ್ಲಿ ಕೂಗಿ ತನ್ನವರಿಗೆ ತಿಳಿಸಬೇಕು. ಹಾಗೆ ಕೂಗುವುದಕ್ಕೆ ಕಾಲೌಟ್ ಎನ್ನುತ್ತಾರೆ. ‘ಅಲ್ಲಿ, ಆ ಗೋಡೆಯ ಹತ್ತಿರ, ನೀಲಿ ಡಬ್ಬದ ಆಚೆ’ ಎಂದು ಶುರುಮಾಡಿದರೆ ಮಾತು ಮುಗಿಯುವ ಮೊದಲೇ ನಿಮ್ಮವನೊಬ್ಬ ನೆಲಕ್ಕೆ ಬಿದ್ದಿರುತ್ತಾನೆ. ಒಂದು ಜಾಗಕ್ಕೆ ಒಂದು ಹೆಸರು, ಅದೂ ಈಗಲೇ. ಗೋಪಾಲನನ್ನು ಹೆದರಿಸಿದ್ದೂ ಇದೇ, ಮರುಳು ಮಾಡಿದ್ದೂ ಇದೇ, ಯಾಕೆಂದರೆ ಗೋಪಾಲ ಉಗ್ಗುತ್ತಿದ್ದ.

ಕ, ಗ, ಟ, ಪ, ಬ ಅಕ್ಷರಗಳಿಂದ ಶುರುವಾಗುವ ಮಾತು ಅವನಿಗೆ ಬರುತ್ತಿರಲಿಲ್ಲ, ಅಥವಾ ಬರುವ ಹೊತ್ತಿಗೆ ಕೇಳುವವರ ಮುಖ ಬೇರೆಯಾಗಿರುತ್ತಿತ್ತು. ಹೀಗಾಗಿ ಮೂವತ್ತು ದಾಟುವಷ್ಟರಲ್ಲಿ ಅವನು ಸುತ್ತುದಾರಿಗಳ ಪಂಡಿತನಾಗಿಬಿಟ್ಟಿದ್ದ. ಕಾಫಿ ಬೇಕಿದ್ದರೂ ಚಾ ಕುಡಿಯುತ್ತಿದ್ದ. ಬುಧವಾರವನ್ನು ‘ಮಂಗಳವಾರದ ಮಾರನೇ ದಿನ’ ಎನ್ನುತ್ತಿದ್ದ. ದಿಲ್ಲಿಯ ಹೊರವಲಯದ ಮಾನೇಸರಿನ ಬ್ರೇಕ್ ಕಾರ್ಖಾನೆಯಲ್ಲಿ ಅವನು ಕ್ವಾಲಿಟಿ ವಿಭಾಗದವನು. ಆದರೆ ಮೀಟಿಂಗಿನಲ್ಲಿ ‘ಬ್ರೇಕ್’ ಎನ್ನಲಾರದೆ ‘ನಮ್ಮ ಐಟಂ’ ಎಂದು, ಹಿಂದೆ ಕೂತವರು ಮುಸಿಮುಸಿ ನಗುವಂತೆ ಮಾಡಿದ್ದ. ದಿಲ್ಲಿಗೆ ಬಂದು ಜನಕಪುರಿಯ ಅಕ್ಕನ ಮನೆಯಲ್ಲಿ ಉಳಿದ ಮೇಲಂತೂ ಹೊಸ ಫಜೀತಿ. ಭಯ್ಯಾ ಎನ್ನದೆ ಈ ಊರಿನಲ್ಲಿ ಆಟೋ ನಿಲ್ಲುವುದಿಲ್ಲ, ಕೊತ್ತಂಬರಿ ಸೊಪ್ಪು ಸಿಗುವುದಿಲ್ಲ. ಗೋಪಾಲ ‘ಸುನಿಯೇ ಜನಾಬ್’ ಎನ್ನುತ್ತಿದ್ದ; ಆಟೋದವರು ಯಾರೋ ನವಾಬ ದಾರಿತಪ್ಪಿ ಜನಕಪುರಿಗೆ ಬಂದಿದ್ದಾನೆಂಬಂತೆ ತಿರುಗಿ ನೋಡುತ್ತಿದ್ದರು. ತನ್ನ ಹೆಸರಿಗೆ ಮಾತ್ರ ಸುತ್ತುದಾರಿ ಸಿಕ್ಕಿರಲಿಲ್ಲ. ಹೆಣ್ಣು ನೋಡಲು ಹೋದಾಗ ಅವರಿಬ್ಬರನ್ನೇ ವರಾಂಡದಲ್ಲಿ ಬಿಟ್ಟಿದ್ದರು. ಆ ಹುಡುಗಿ ಸುಮ್ಮನೆ ಮಾತಿಗೆ, ‘ಮನೆಯಲ್ಲಿ ನಿಮ್ಮನ್ನ ಏನಂತ ಕರೀತಾರೆ?’ ಎಂದಳು. ಅವನು ಬಾಯಿ ತೆರೆದ. ಗ ಗಂಟಲಲ್ಲೇ ಕಲ್ಲಾಗಿ ಕೂತಿತು. ಆಗ ಒಳಗಿನ ಕೋಣೆಯಿಂದ, ಸೋಫಾದ ಮೇಲೆ ಕೂತಲ್ಲಿಂದಲೇ, ಅಕ್ಕ ವೈಜಯಂತಿ ದೊಡ್ಡ ದನಿಯಲ್ಲಿ ಹೇಳಿದ್ದಳು: ‘ಗೋಪೂ ಅಂತ!’

“ನಾನೂ ಬರ್ತೀನಿ,” ಎಂದಳು ಈಗ ಅಕ್ಕ, ದೋಸೆ ಮಗುಚುತ್ತ.

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ನಿನ್ನ ಮ್ಯಾಚಿಗೆ. ಭಾನುವಾರ ಮನೇಲಿ ಕೂತು ಏನು ಮಾಡ್ಲಿ? ನಿಮ್ಮ ಭಾವ ಪೇಪರ್ ಓದ್ತಾ ನಿದ್ದೆ ಹೋಗಿದಾರೆ.”

“ಅಲ್ಲಿ ಎಲ್ಲ ಹುಡುಗರು ಇರ್ತಾರೆ ಅಕ್ಕ.”

“ಇರಲಿ. ನನ್ನನ್ನೇನು ತಿಂತಾರಾ?”

ಬೇಡ ಎನ್ನಲು ಬ ಬೇಕಿತ್ತು. ಅವನು ದೋಸೆ ತಿಂದ.

ಅಕ್ಕನ ಮೇಲೆ ಸಿಟ್ಟಾಗಲು ಅವನಿಗೆ ಎಂದೂ ಸಾಧ್ಯವಾಗಿರಲಿಲ್ಲ. ಆ ಸಿಟ್ಟು ಬಂದಾಗಲೆಲ್ಲ ಅದರ ಬಾಲ ಹಿಡಿದೇ ನಾಚಿಕೆ ಬರುತ್ತಿತ್ತು. ತುಮಕೂರಿನ ಶಾಲೆಯಲ್ಲಿ ಹಾಜರಿ ಕರೆಯುವಾಗ ‘ಪ್ರೆಸೆಂಟ್ ಸಾರ್’ ಎನ್ನಲಾಗದೆ ಅವನು ಗೈರುಹಾಜರಾಗಿ ದಾಖಲಾಗುತ್ತಿದ್ದಾಗ, ಪಕ್ಕದ ತರಗತಿಯಿಂದ ಓಡಿಬಂದು ‘ಅವನು ಇದಾನೆ ಸಾರ್, ಅಲ್ಲೇ ಇದಾನೆ ನೋಡಿ’ ಎಂದವಳು ಅವಳು. ಬಸ್ಸಿನಲ್ಲಿ ಟಿಕೆಟ್ ಕೇಳಿದವಳು, ಡಾಕ್ಟರಿಗೆ ಹೊಟ್ಟೆನೋವು ಎಂದು ಹೇಳಿದವಳು ಅವಳು. ಅವನ ಬಾಯಲ್ಲಿ ಮಾತು ಸಿಕ್ಕಿಕೊಂಡಾಗ ಅವಳು ಮೊದಲು ಸಣ್ಣಗೆ ಉಸಿರೆಳೆದುಕೊಳ್ಳುತ್ತಿದ್ದಳು. ಆ ಉಸಿರು ಕೇಳಿದರೆ ಸಾಕು, ಇನ್ನೇನು ತನ್ನ ಮಾತು ಅವಳ ಬಾಯಿಂದ ಹೊರಬೀಳುತ್ತದೆ ಎಂದು ಅವನಿಗೆ ಗೊತ್ತಾಗುತ್ತಿತ್ತು, ಮತ್ತು ಅದು ಬೀಳುತ್ತಿತ್ತು, ತಪ್ಪಿಲ್ಲದೆ, ಅವನು ಹೇಳಬೇಕೆಂದಿದ್ದ ಮಾತೇ. ಅಷ್ಟು ಸರಿಯಾಗಿ ಊಹಿಸುತ್ತಾಳಲ್ಲ ಎಂಬುದೇ ಅವನಿಗೆ ಹೆಚ್ಚು ನೋವು. ಒಮ್ಮೆಯಾದರೂ ತಪ್ಪಬಾರದೇ?

ಈಗ ಇಬ್ಬರೂ ಡಿಸ್ಟ್ರಿಕ್ಟ್ ಸೆಂಟರ್ ಎಂಬ ಅಂಗಡಿಗಳ ಸಂಕೀರ್ಣದ ಕಡೆಗೆ ನಡೆಯುತ್ತಿದ್ದರು. ಅಕ್ಕ ಮದುವೆಗೆ ಹೊರಟವಳಂತೆ ಒಳ್ಳೆಯ ಸೀರೆ ಉಟ್ಟಿದ್ದಳು. ಬಿಸಿಲು ಹಿತವಾಗಿತ್ತು. ಫುಟ್‌ಪಾತಿನಲ್ಲಿ ಛೋಲೆ ಕುಲ್ಚೆಯ ಗಾಡಿ ಕಂಡರೆ ‘ಮಾರ್ಕೆಟ್‌ನಲ್ಲಿ ಒಬ್ಬ’ ಎಂದು, ಮೆಟ್ರೋ ನಿಲ್ದಾಣದ ಸುರಂಗ ಕಂಡರೆ ‘ಟನಲ್, ಇಬ್ಬರು, ಓಡಿ ಬರ್ತಿದಾರೆ’ ಎಂದು ಒಳಗೊಳಗೇ ಕೂಗಿಕೊಳ್ಳುತ್ತ, ಹಾಗೆ ಕೂಗಿದ್ದಕ್ಕೆ ತಾನೇ ಖುಷಿಪಡುತ್ತ ಗೋಪಾಲ ಅಕ್ಕನಿಗಿಂತ ಎರಡು ಹೆಜ್ಜೆ ಮುಂದೆ ಹೋಗಿಬಿಡುತ್ತಿದ್ದ. ಈ ಚಟ ಮಾನೇಸರಿನ ಕಂಪನಿ ಬಸ್ಸಿನಲ್ಲಿ ಶುರುವಾದದ್ದು. ಕಿಟಕಿಯ ಗಾಜಿಗೆ ಹಣೆ ಒತ್ತಿ, ಹೆದ್ದಾರಿಯುದ್ದಕ್ಕೂ ಟೋಲ್, ಟ್ಯಾಂಕರ್, ಪೆಟ್ರೋಲ್ ಬಂಕ್ ಎಂದು ಪಿಸುಗುಟ್ಟುತ್ತ ಹೋಗುವಾಗ ನಾಲಿಗೆ ಎಣ್ಣೆ ಹಚ್ಚಿದಂತೆ ಜಾರುತ್ತಿತ್ತು. ಒಬ್ಬನೇ ಇದ್ದಾಗ ಅವನಿಗೆ ಉಗ್ಗು ಇಲ್ಲವೇ ಇಲ್ಲ. ಸಂಜೆ ಮನೆಗೆ ಬಂದು ಆಟದ ಆ ಊರನ್ನು ಯಾವ ತಂಡವೂ ಇಲ್ಲದೆ ಖಾಲಿಯಾಗಿ ತೆರೆದು, ಗಲ್ಲಿ ಗಲ್ಲಿ ತಿರುಗಿ, ಪ್ರತಿ ಬಾಗಿಲಿಗೂ ಮೂಲೆಗೂ ಅದರ ಹೆಸರನ್ನು ಕೂಗುತ್ತಿದ್ದ. ಒಂದು ಸಂಜೆ ಹಾಗೆಯೇ, “ಕಿಚನ್ನಲ್ಲಿ ಇಬ್ಬರು! ಬಾಲ್ಕನೀಲಿ ಒಬ್ಬ ಇದಾನೆ, ಹುಷಾರು!” ಎಂದು ಗಟ್ಟಿಯಾಗಿ ಅರಚಿದ. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅಕ್ಕ ಕಳ್ಳರು ಬಂದರೆಂದು ಛತ್ರಿ ಹಿಡಿದು ಅಡುಗೆಮನೆಗೆ ನುಗ್ಗಿದಳು. ಅಲ್ಲಿ ಯಾರೂ ಇಲ್ಲದ್ದು ಕಂಡು ಬಾಲ್ಕನಿಗೆ ಓಡಿದಳು. ಅಲ್ಲಿ ಒಣಗಲು ಹಾಕಿದ್ದ ಭಾವನ ಪ್ಯಾಂಟಿಗೆ ಒಂದೇಟು ಹಾಕಿದಳು. ಆಮೇಲೆ ಛತ್ರಿಯ ಸಮೇತ ಇವನ ಬಾಗಿಲಿಗೆ ಬಂದು ನಿಂತು, ಏದುಸಿರು ಬಿಡುತ್ತ, ಬೇರೇನೂ ಕೇಳದೆ, “ನೀನು ಕಿಚನ್ ಅಂದೆ,” ಎಂದಳು. ಅವಳ ಕಣ್ಣು ತುಂಬಿದ್ದು ಕಂಡು ಅವನು ನೋಟವನ್ನು ಪರದೆಗೆ ತಿರುಗಿಸಿಕೊಂಡಿದ್ದ.

ಗೇಮಿಂಗ್ ಕೆಫೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆರೆದರೆ ಏಸಿಯ ತಂಪು, ಕೀಲಿಮಣೆಗಳ ಚಟಪಟ, ಬೆವರಿನ ಜೊತೆ ಮಸಾಲೆ ನೂಡಲ್ಸಿನ ವಾಸನೆ. ಅವನ ತಂಡದವರು ಆಗಲೇ ಬಂದಿದ್ದರು. ನಾಲ್ವರೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ದಿಲ್ಲಿಯ ಕನ್ನಡದವರ ಗುಂಪೊಂದರಲ್ಲಿ ಪರಿಚಯವಾದವರು: ಕರಣ್, ಸೃಜನ್, ಸದಾ ಚ್ಯೂಯಿಂಗ್ ಗಮ್ ಅಗಿಯುವ ಹಂಸಿನಿ, ಮತ್ತು ಎಲ್ಲರಿಗೂ ನಾಯಕಿಯಾದ ನಿಶಿತಾ. ನಿಶಿತಾಳ ಮನೆಯವರು ಕೊಡಗಿನವರು, ಅಪ್ಪ ಸೈನ್ಯದಲ್ಲಿ. ಕಂಟೋನ್ಮೆಂಟಿನಿಂದ ಕಂಟೋನ್ಮೆಂಟಿಗೆ ಬೆಳೆದ ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಯ ಗಾಡಿ ಹತ್ತಿಬಿಡುತ್ತಿತ್ತು.

“ಅರೇ, ಮೌನಿ ಅಣ್ಣ ಆ ಗಯೇ!” ಎಂದಳು ಅವಳು. ಅಕ್ಕನನ್ನು ಕಂಡು ತಕ್ಷಣ ಎದ್ದುನಿಂತು, “ನಮಸ್ತೆ ಆಂಟಿ. ಕೂತ್ಕೊಳ್ಳಿ, ಇಲ್ಲಿ ಹಿಂದೆ ಸೀಟ್ ಇದೆ,” ಎಂದಳು.

“ಮೌನಿಯಾ?” ಎಂದಳು ಅಕ್ಕ.

ಮೌನಿ ಎಂಬುದು ಅವನು ಆಟದಲ್ಲಿ ಇಟ್ಟುಕೊಂಡ ಹೆಸರು, ಮೊದಮೊದಲು ಅದಕ್ಕೆ ತಕ್ಕ ಹಾಗೇ ಇದ್ದ. ಮೈಕ್ ಕೆಟ್ಟಿದೆ ಎಂದು ಟೈಪ್ ಮಾಡಿ ತಿಂಗಳುಗಟ್ಟಲೆ ತುಟಿ ಬಿಚ್ಚದೆ ಆಡಿದ್ದ. ಗುರಿ ಚೆನ್ನಾಗಿದ್ದುದರಿಂದ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಆದರೆ ಅವನ ಹುಟ್ಟುಹಬ್ಬಕ್ಕೆ ನಾಲ್ವರೂ ಸೇರಿ ಒಂದು ಹೊಸ ಹೆಡ್‌ಫೋನ್ ಕಳಿಸಿಬಿಟ್ಟರು, ಮೈಕ್ ಇರುವಂಥದ್ದು. ಅದನ್ನು ಡಬ್ಬದಿಂದ ತೆಗೆದಾಗ ಅವನಿಗೆ ಅನ್ನಿಸಿದ್ದು ಕೃತಜ್ಞತೆಯೋ ಭಯವೋ ಇಂದಿಗೂ ಗೊತ್ತಿಲ್ಲ. ತಾನು ಹೇಳಿದ ಸುಳ್ಳನ್ನು ಯಾರೋ ಇಸ್ತ್ರಿ ಮಾಡಿ, ಬಣ್ಣದ ಕಾಗದದಲ್ಲಿ ಸುತ್ತಿ ವಾಪಸು ಕೊಟ್ಟಂತಿತ್ತು. ಅಂದು ಸಂಜೆ ಮೈಕ್ ಹಾಕಿಕೊಂಡ. ಎದುರಾಳಿಯೊಬ್ಬ ಕಿಚನ್ನಿಗೆ ನುಗ್ಗಿದ. ಗೋಪಾಲ, “ಕ್… ಕ್… ಕ್… ಕ್…” ಎಂದ.

“ಅಣ್ಣ, ನಿಮ್ಮ ವಾಯ್ಸ್ ಬ್ರೇಕ್ ಆಗ್ತಿದೆ,” ಎಂದ ಸೃಜನ್. “ನೆಟ್ ಪ್ರಾಬ್ಲಮ್ ಅನ್ಸುತ್ತೆ.”

ಆ ಕ್ಷಣ ದೇವರೇ ಬಂದು ಬಾಗಿಲು ತೆರೆದಂತೆ ಕಂಡಿತು. “ಹೌದು, ನೆಟ್ಟು,” ಎಂದುಬಿಟ್ಟ. ಆಮೇಲಿನ ದಿನಗಳಲ್ಲಿ ಆ ಬಡಪಾಯಿ ನೆಟ್ಟಿನ ಮೇಲೆ ಏನೇನು ಆರೋಪ ಬಂತೆಂದರೆ, ಕರಣ್ ರೂಟರಿನ ಜಾಗ ಬದಲಿಸಲು ಹೇಳಿದ, ಹಂಸಿನಿ ಹೊಸ ಕೇಬಲ್ ಹಾಕಿಸಲು ಹೇಳಿದಳು, ಈ ಮಾತು ಹೇಗೋ ಭಾವ ಈಶ್ವರಪ್ಪನವರ ಕಿವಿಗೆ ಬಿದ್ದು ಅವರು ಮೆಕ್ಯಾನಿಕನನ್ನೇ ಕರೆಸಿದರು. ಅವನು ಸ್ಟೂಲಿನ ಮೇಲೆ ಹತ್ತಿ, ಇಳಿದು, ಮತ್ತೆ ಹತ್ತಿ, ‘ಸಬ್ ಠೀಕ್ ಹೈ ಸಾಬ್, ಲೈನ್ ಏಕದಮ್ ಚಕಾಚಕ್’ ಎಂದು ಬೆವರೊರೆಸಿಕೊಂಡಾಗ ಗೋಪಾಲ ಅವನಿಗೆ ನೀರು ಕೊಟ್ಟು, ಶರಬತ್ತು ಕೊಟ್ಟು, ಬಿಸ್ಕತ್ತು ಕೊಟ್ಟು, ಆದರೂ ಮನಸ್ಸು ತಡೆಯದೆ ಮೆಟ್ಟಿಲಿನವರೆಗೆ ಬೀಳ್ಕೊಟ್ಟು ಬಂದ. ಅಂದೇ ಆಟದ ನಡುವೆ ಮೈಕಿನಲ್ಲಿ, “ನೆಟ್ಟಲ್ಲ ಸೃಜನ್. ನಾನು ಉಗ್ಗೋದು. ಯಾವಾಗಿನಿಂದಲೂ,” ಎಂದ. ಆ ಮಾತಿನ ಶುರುವಿನಲ್ಲಿ ಒಂದೂ ಕಷ್ಟದ ಅಕ್ಷರ ಇರಲಿಲ್ಲ. ಅದು ರೇಡಿಯೋ ವಾರ್ತೆಯ ಹಾಗೆ ಸ್ವಚ್ಛವಾಗಿ ಹೊರಬಂತು.

“ಈಗ ಸರಿಯಾಗೇ ಕೇಳಿಸ್ತಲ್ಲ?” ಎಂದ ಸೃಜನ್.

“ನೆಟ್ ಸರಿಹೋಯ್ತು!” ಎಂದ ಕರಣ್.

ತಾನು ಉಗ್ಗುತ್ತೇನೆಂದು ಅವರನ್ನು ನಂಬಿಸಲು ಗೋಪಾಲ ಬೇಕೆಂದೇ ‘ಗೋಪಾಲ’ ಎಂದು ಹೇಳಿ ತೋರಿಸಬೇಕಾಯಿತು. ಬದುಕಿನಲ್ಲಿ ಮೊದಲ ಸಲ ಆ ಹೆಸರನ್ನು ಅವನು ಅದರ ಎಲ್ಲ ತಡೆಗಳೊಂದಿಗೆ, ಯಾರೂ ಅಡ್ಡ ಬರದೆ, ಪೂರ್ತಿ ಹೇಳಿದ. ಆಮೇಲೆ ಹಂಸಿನಿ, “ಅಯ್ಯೋ, ನಿಮ್ಮ ಹೆಸರು ಗೋಪಾಲನಾ? ನನಗೆ ಗೊತ್ತೇ ಇರಲಿಲ್ಲ,” ಎಂದಳು. ನಿಶಿತಾ ಅಷ್ಟರಲ್ಲಿ ಬೇರೆಯೇ ಲೆಕ್ಕ ಹಾಕಿದ್ದಳು. “ಅಚ್ಛಾ ಸುನೋ. ಕ ಅಂತ ಶುರುವಾದ್ರೆ ಕಿಚನ್. ಬ ಅಂದ್ರೆ ಬಾಲ್ಕನಿ. ನಮಗೆ ಫಸ್ಟ್ ಸೌಂಡ್ ಸಾಕು ಅಣ್ಣ. ನೀವು ನಮಗಿಂತ ಫಾಸ್ಟ್!” ಆ ದಿನದಿಂದ ಅವನ ‘ಕ್… ಕ್…’ ಬಿದ್ದೊಡನೆ ನಾಲ್ವರೂ ಕಿಚನ್ನಿನತ್ತ ತಿರುಗುತ್ತಿದ್ದರು, ಗೆಲ್ಲುತ್ತಿದ್ದರು. ಅವನು ಕುರ್ಚಿಯಲ್ಲೇ ಕುಣಿಯುತ್ತಿದ್ದ. ಆದರೂ ಮಲಗುವ ಮುಂಚೆ ಒಂದು ಸಣ್ಣ ಮುಳ್ಳು ಚುಚ್ಚುತ್ತಿತ್ತು: ಇವರೂ ಅಕ್ಕನಂತೆಯೇ ತನ್ನ ಮಾತನ್ನು ಮುಗಿಸಿಕೊಳ್ಳುತ್ತಿದ್ದಾರಲ್ಲವೇ?

ಕೆಫೆಯವರು ಏರ್ಪಡಿಸಿದ್ದ ಟೂರ್ನಿಯ ಸೆಮಿಫೈನಲ್ ಶುರುವಾಯಿತು. ಎದುರು ಕೂತವರು ದಿಲ್ಲಿಯದ್ದೇ ದ್ವಾರಕಾ ಬಡಾವಣೆಯ ಐವರು, ಎಲ್ಲರೂ ಒಂದೇ ಬಣ್ಣದ ಟೀಶರ್ಟಿನವರು. ಗೋಪಾಲನ ಬೆನ್ನ ಹಿಂದೆ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಅಕ್ಕ ಪರ್ಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಪೌಡರಿನ ವಾಸನೆ ಬರುತ್ತಿತ್ತು. ಅವಳು ಇದ್ದಾಳೆಂಬುದೇ ಸಾಕಾಯಿತು. ಬಸ್ಸಿನಲ್ಲಿ ಜಾರಿದ ನಾಲಿಗೆ ಮತ್ತೆ ಹಳೆಯ ಮರದ ತುಂಡಾಯಿತು. ಮೊದಲ ಸುತ್ತಿನಲ್ಲಿ ಟನಲ್ ಬಾಯಿಗೆ ಬರಲೇ ಇಲ್ಲ, ಟ ಎಂಬ ಮೊದಲ ಸದ್ದೂ ಹೊರಡಲಿಲ್ಲ, ಹಂಸಿನಿ ಸತ್ತಳು. ಎರಡನೆಯದರಲ್ಲಿ ‘ಬ್… ಬ್…’ ಎಂದಾಗ ಪಕ್ಕದ ಮೇಜಿನ ಒಬ್ಬ ಹುಡುಗ ತಿರುಗಿ ನೋಡಿ ತನ್ನ ಗೆಳೆಯನ ಕಿವಿಯಲ್ಲಿ ಏನೋ ಹೇಳಿದ, ಇಬ್ಬರೂ ನಕ್ಕರು. ಆ ನಗು ಗೋಪಾಲನಿಗೆ ಚೆನ್ನಾಗಿ ಪರಿಚಯವಿತ್ತು, ತುಮಕೂರಿನಲ್ಲೂ ಮಾನೇಸರಿನಲ್ಲೂ ಅದರದ್ದು ಒಂದೇ ಮುಖ. ಕಿವಿ ಕಾದವು. ಆದರೆ ಅದೇ ‘ಬ್… ಬ್…’ ಕೇಳಿ ಕರಣ್ ಆಗಲೇ ಬಾಲ್ಕನಿಗೆ ಗುರಿಯಿಟ್ಟು, ಅಲ್ಲಿಂದ ಇಣುಕಿದ ಇಬ್ಬರನ್ನೂ ಉರುಳಿಸಿ, “ಕ್ಯಾ ಬಾತ್ ಹೈ ಅಣ್ಣಾ!” ಎಂದು ಮೇಜು ಕುಟ್ಟಿದ. ನಕ್ಕ ಹುಡುಗರ ತಲೆ ಅತ್ತ ತಿರುಗಿತು. ಗೋಪಾಲನ ಎದೆಯಲ್ಲಿ ಏನೋ ಸೋಡಾ ಬುರುಗಿನ ಹಾಗೆ ಮೇಲೇರಿತು. ಮುಂದಿನ ಸುತ್ತು ಅವರದ್ದು, ಅದರ ಮುಂದಿನದ್ದು ಇವರದ್ದು, ಹೀಗೆ ಹಗ್ಗಜಗ್ಗಾಟವಾಗಿ, ಕೆಫೆಯ ಅರ್ಧ ಜನ ಇವರ ಕುರ್ಚಿಗಳ ಹಿಂದೆ ಬಂದು ನಿಂತು, ಎರಡೂ ತಂಡ ಸಮವಾಗಿ, ಕಡೆಯ ಸುತ್ತು ಉಳಿಯಿತು.

ಆ ಸುತ್ತಿನಲ್ಲಿ ಎಲ್ಲರೂ ಬೇಗ ಬೇಗ ಬಿದ್ದರು. ಇವರಲ್ಲಿ ನಿಶಿತಾ ಮತ್ತು ಗೋಪಾಲ, ಅವರಲ್ಲಿ ಒಬ್ಬನೇ ಒಬ್ಬ. ಬಂದರಿನ ಚೌಕಕ್ಕೆ ಗೋಪಾಲ ಕಾಲಿಟ್ಟೊಡನೆ ಆ ಒಬ್ಬ ಕಂಡ, ಅವನ ಬಂದೂಕು ಸಿಡಿಯಿತು, ಗೋಪಾಲನ ಪರದೆ ಕೆಂಪಾಯಿತು. ಬೀಳುವ ಮುನ್ನ ಕಂಡದ್ದು ಇಷ್ಟು: ಆತ ಜಾರಿ ಹೋಗಿ ಪಿಲ್ಲರಿನ ಹಿಂದೆ ಅಡಗಿದ. ಅದನ್ನು ಕಂಡವನು ಜಗತ್ತಿನಲ್ಲಿ ಗೋಪಾಲನೊಬ್ಬನೇ. ಆಟದಲ್ಲಿ ಬಿದ್ದವನ ಮೈಕ್ ಮಾತ್ರ ಸಾಯುವುದಿಲ್ಲ. ನಿಶಿತಾ ಪೆಟ್ಟಿಗೆಗಳ ಈಚೆ ಕೂತಿದ್ದಳು. ಮೇಲೆ ಗಡಿಯಾರ ಇಳಿಯುತ್ತಿತ್ತು; ಅದು ಸೊನ್ನೆಗೆ ಬಂದರೆ ಗೆಲುವು ಅವರದ್ದು.

“ಪ್…” ಎಂದ ಗೋಪಾಲ.

ಆ ಚೌಕದಲ್ಲಿ ಪ ಎರಡಿದ್ದವು. ಎಡಕ್ಕೆ ಪಿಟ್, ಬಲಕ್ಕೆ ಪಿಲ್ಲರ್. ಎರಡೂ ‘ಪಿ’ವರೆಗೆ ಅವಳಿ ಮಕ್ಕಳು. ಒಂದನ್ನು ನೋಡಲು ಹೊರಬಂದರೆ ಇನ್ನೊಂದಕ್ಕೆ ಬೆನ್ನು ಕೊಡಬೇಕು.

“ಪ್… ಪ್…”

ತುಟಿ ಮುಚ್ಚಿಕೊಂಡು ಬೀಗ ಹಾಕಿತು. ಹಳೆಯ ಪಂಡಿತ ಎದ್ದು ಕೂತ: ಬೇರೆ ಮಾತು ಹುಡುಕು, ದುಂಡಗಿನದ್ದರ ಹಿಂದೆ ಎನ್ನು. ಆದರೆ ಪೀಪಾಯಿಯೂ ದುಂಡಗಿತ್ತು, ಬಾವಿಯೂ ದುಂಡಗಿತ್ತು. ಬಲಗಡೆ ಎನ್ನಲು ಬ, ರೈಟ್ ಎಂದರೆ ತನ್ನ ರೈಟೋ ಅವಳದ್ದೋ. ಸುತ್ತುದಾರಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಹಿಂದೆ ನಿಂತವರಲ್ಲಿ ಯಾರೋ, ‘ಬೋಲ್ ನಾ ಯಾರ್!’ ಎಂದರು. ಆಗ ಬೆನ್ನ ಹಿಂದೆ ಅವನು ಹುಟ್ಟಿದಂದಿನಿಂದ ಬಲ್ಲ ಆ ಸಣ್ಣ ಸದ್ದು ಕೇಳಿಸಿತು, ಅಕ್ಕ ಉಸಿರೆಳೆದುಕೊಂಡದ್ದು. ಈಗ ಬರುತ್ತದೆ, ಈಗ ಹೇಳಿಬಿಡುತ್ತಾಳೆ ಎಂದು ಅವನ ಬೆನ್ನುಮೂಳೆ ಕಾದಿತು. ಬರಲಿಲ್ಲ. ಎಳೆದ ಉಸಿರು ಹಾಗೆಯೇ ನಿಂತಿತ್ತು. ಅವಳಿಗೆ ಗೊತ್ತಿರಲಿಲ್ಲ! ಅವನ ಹೊಟ್ಟೆನೋವು, ಅವನ ಬಸ್ಸು, ಅವನ ಹೆಸರು, ಎಲ್ಲವೂ ಗೊತ್ತಿದ್ದವಳಿಗೆ ಈ ಊರಿನ ಒಂದು ಕಂಬದ ಹೆಸರು ಗೊತ್ತಿರಲಿಲ್ಲ. ಈ ಮಾತು ಹೇಳಬಲ್ಲವರು ಈ ಕೋಣೆಯಲ್ಲಿ ತನ್ನನ್ನು ಬಿಟ್ಟು ಯಾರೂ ಇಲ್ಲ. ಈ ಯೋಚನೆ ಅವನನ್ನು ಎಷ್ಟು ಹಗುರ ಮಾಡಿತೆಂದರೆ, ಉಗ್ಗಿನ ನಟ್ಟನಡುವೆ, ತುಟಿ ಬೀಗ ಹಾಕಿಕೊಂಡಿದ್ದಾಗಲೇ, ಅವನಿಗೆ ನಗು ಬಂದುಬಿಟ್ಟಿತು.

ಪರದೆಯಲ್ಲಿ ನಿಶಿತಾ ಕದಲಲಿಲ್ಲ. ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಗಡಿಯಾರ ಕೆಂಪಾಗಿ ಮಿನುಗತೊಡಗಿದರೂ ಪೆಟ್ಟಿಗೆಯ ಈಚೆ ಕೂತೇ ಇದ್ದಳು.

“ಪಿ… ಪಿ… ಪಿಲ್… ಪಿಲ್ಲರ್! ಪಿಲ್ಲರ್ ಹಿಂದೆ ಒಬ್ಬ!”

ಅವಳು ಬಲಕ್ಕೆ ತಿರುಗಿದ್ದೂ ಗುಂಡು ಹಾರಿದ್ದೂ ಒಟ್ಟಿಗೇ. ಆಮೇಲೆ ಏನಾಯಿತೆಂದು ಗೋಪಾಲ ಸರಿಯಾಗಿ ಹೇಳಲಾರ. ಸೃಜನ್ ಅವನ ಕುರ್ಚಿಯನ್ನೇ ಗಿರಗಿರ ತಿರುಗಿಸುತ್ತಿದ್ದ, ಹಂಸಿನಿ ಗಮ್ ನುಂಗಿಬಿಟ್ಟೆ ಎಂದು ಕೂಗುತ್ತಿದ್ದಳು, ಹೆಡ್‌ಫೋನಿನ ವೈರು ಕೊರಳಿಗೆ ಸುತ್ತಿಕೊಂಡಿತ್ತು, ಮುಂಚೆ ನಕ್ಕಿದ್ದ ಹುಡುಗ ಬಂದು ಕೈಕುಲುಕಿ ‘ಮಸ್ತ್ ಕಾಲ್ ಥಾ’ ಎಂದ. ಗದ್ದಲ ಇಳಿದ ಮೇಲೆ ಗೋಪಾಲ ನಿಶಿತಾಳನ್ನು ಕೇಳಿದ: “ಅಷ್ಟು ಹೊತ್ತು ಯಾಕೆ ಸುಮ್ಮನೆ ಇದ್ದೆ?”

“ಮತ್ತೇನು ಮಾಡ್ಲಿ? ಗೆಸ್ ಮಾಡಿದ್ರೆ ಸಾಯ್ತಿದ್ದೆ ಅಣ್ಣ,” ಎಂದಳು ಅವಳು, ನೂಡಲ್ಸ್ ಬಾಯಿಗೆ ತುಂಬಿಕೊಳ್ಳುತ್ತ. ಅವಳ ಪಾಲಿಗೆ ಅದರಲ್ಲಿ ಹೇಳುವಂಥದ್ದು ಬೇರೇನೂ ಇರಲಿಲ್ಲ.

ಫೈನಲ್ಲಿನಲ್ಲಿ ಘಾಜಿಯಾಬಾದಿನ ಶಾಲಾ ಹುಡುಗರು ಇವರನ್ನು ಎದ್ದೇಳಲೂ ಬಿಡದಂತೆ ಸೋಲಿಸಿದರು. ಆ ಸೋಲೂ ಗೋಪಾಲನಿಗೆ ಒಂದು ಬಗೆಯ ಗಮ್ಮತ್ತಾಗಿಯೇ ಕಂಡಿತು. ಸಾಯುವ ಪ್ರತಿ ಸಲವೂ ತನ್ನನ್ನು ಕೊಂದವನ ಜಾಗವನ್ನು ಉಗ್ಗುತ್ತ, ತೊದಲುತ್ತ, ತಡವಾಗಿ, ಆದರೆ ಪೂರ್ತಿಯಾಗಿ ಕೂಗಿಯೇ ಬಿಟ್ಟ. ಕೊನೆಕೊನೆಗೆ ಕಿಚನ್ನಿನ ಕಾಲೌಟ್ ಬರುವ ಹೊತ್ತಿಗೆ ಮುಂದಿನ ಸುತ್ತೇ ಶುರುವಾಗಿರುತ್ತಿತ್ತು, ನಾಲ್ವರೂ ಹೊಟ್ಟೆ ಹಿಡಿದು ನಗುತ್ತಿದ್ದರು, ಅವನೂ.

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಮಾರುಕಟ್ಟೆಯ ಜನಜಂಗುಳಿಯಲ್ಲಿ, ಬಳೆ ಅಂಗಡಿ ದಾಟಿದ ಮೇಲೆ ಅಕ್ಕ, “ಪಿಲ್ಲರ್ ಅಂದ್ರೆ ಆ ಬಿಳೀ ಕಂಬ ತಾನೇ?” ಎಂದಳು.

“ಹೌದು.”

“ಅದರ ಪಕ್ಕ ಒಂದು ಗುಂಡಿ ಇತ್ತಲ್ಲ?”

“ಅದು ಪ್… ಪ್… ಪಿಟ್.”

“ಸರಿ. ಮತ್ತೆ ಮೇಲೆ ಒಬ್ಬ ಹುಡುಗ ಕೂತು ಎಲ್ಲರನ್ನೂ ಸುಡ್ತಿದ್ನಲ್ಲ, ಅದೇನು ಟೆರೇಸಾ?”

ಅವಳ ಊಹೆ ತಪ್ಪಿತ್ತು! ಗೋಪಾಲನಿಗೆ ರಸ್ತೆಯ ಮಧ್ಯೆ ಕುಪ್ಪಳಿಸಬೇಕೆನ್ನಿಸಿತು. ಅಲ್ಲ ಅಕ್ಕ, ಅದು ಬಾಲ್ಕನಿ, ಅಲ್ಲಿಂದ ಇಳಿದರೆ ಕಿಚನ್, ಕಿಚನ್ನಿನ ಹಿಂಬಾಗಿಲು ಟನಲ್ಲಿಗೆ ಹೋಗುತ್ತೆ ಎಂದು ಅವನು ಹೇಳುತ್ತ ಹೋದ, ಪ್ರತಿ ಹೆಸರಿನ ಹೊಸ್ತಿಲಲ್ಲೂ ಎಡವುತ್ತ, ಕೈ ಬೀಸುತ್ತ, ಎದುರಿನಿಂದ ಬಂದವರಿಗೆ ಢಿಕ್ಕಿ ಹೊಡೆಯುತ್ತ. ಇಷ್ಟುದ್ದ ಮಾತನ್ನು ಅವನು ಅಕ್ಕನ ಜೊತೆ ಎಂದಾದರೂ ಆಡಿದ್ದನೇ? ನೆನಪಾಗಲಿಲ್ಲ. ಅವಳು ತಲೆಯಾಡಿಸುತ್ತ, ಕೆಲವನ್ನು ತಪ್ಪುತಪ್ಪಾಗಿ ಮತ್ತೆ ಹೇಳಿ ನೋಡಿಕೊಳ್ಳುತ್ತ ಬಂದಳು. ಆಮೇಲೆ ನಿಂತು ಕೇಳಿದಳು: “ಅದೆಲ್ಲ ಸರಿ ಗೋಪೂ, ಆ ಊರಿಗೊಂದು ಹೆಸರು ಇರಬೇಕಲ್ಲ?”

“ಕ್…” ಎಂದ ಗೋಪಾಲ.

ವೈಜಯಂತಿ ಉಸಿರೆಳೆದುಕೊಂಡಳು. ಬಾಯಿ ತೆರೆದಳು. ಕೊಡಲು ಅವಳ ಬಳಿ ಏನೂ ಇರಲಿಲ್ಲ. ಸುತ್ತ ಜನ ನುಗ್ಗುತ್ತಿದ್ದರು. ಒಂದು ಇ-ರಿಕ್ಷಾ ಹಾರ್ನ್ ಒತ್ತುತ್ತ ಅವರಿಬ್ಬರನ್ನು ಬಳಸಿ ಹೋಯಿತು, ಮತ್ತೊಂದು ಬಂತು. ಅವಳು ಮೆಲ್ಲಗೆ ಬಾಯಿ ಮುಚ್ಚಿಕೊಂಡು, ಪರ್ಸನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ತಮ್ಮನ ಮುಖವನ್ನೇ ನೋಡುತ್ತ ನಿಂತಳು, ಗೊತ್ತಿಲ್ಲದ ಊರಿನ ಹೆಸರು ಕೇಳಲು ನಿಂತವರು ನಿಲ್ಲುವ ಹಾಗೆ.

“ಕ್… ಕ್…” ಗೋಪಾಲನಿಗೆ ಅವಸರವಿರಲಿಲ್ಲ. “ಕ… ಕರಾವೆಲ್.”

“ಕರಾವೆಲ್,” ಎಂದಳು ಅಕ್ಕ. “ನನಗೆ ಹೊಳೀತಾನೇ ಇರಲಿಲ್ಲ ಕಣೋ.”